ಅರ್ಧ ಹುಲಿಯ ಹಟ

ತಾಸೆ ವಾದ್ಯದ ಮೊದಲ ಪೆಟ್ಟಿಗೇ ನನ್ನ ಮಗಳು ಕುಂಚ ಬಿಸಾಡಿ, ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದಳು. ಕಾಪುವಿನಲ್ಲಿ ಅಷ್ಟಮಿಯ ಹುಲಿವೇಷಕ್ಕೆ ಅವಳು ಬಣ್ಣ ಬಳಿಯುತ್ತಿದ್ದಳು. ಇಪ್ಪತ್ತೆರಡು ವರ್ಷದ ಅವಳಿಗೆ ಆಟಿಸಂ ಇದೆ. ವೇಷಧಾರಿಯ ಬೆನ್ನಿನಲ್ಲಿ ಅರ್ಧದಷ್ಟು ಪಟ್ಟೆಗಳು ಮಾತ್ರ ಮುಗಿದಿದ್ದವು.

“ಇವಳನ್ನು ಮನೆಗೆ ಕರ್ಕೊಂಡು ಹೋಗಿ ಮಾರಾಯ್ರೆ, ಬೇರೆಯವರು ಮುಗಿಸ್ತಾರೆ,” ಎಂದರು ತಂಡದ ಯಜಮಾನರು. ನಾನು ಎಂದಿನಂತೆ ಎಲ್ಲರ ಕ್ಷಮೆ ಕೇಳುತ್ತಾ ಅವಳ ಚೀಲ ಎತ್ತಿಕೊಂಡೆ.

ಆಗ ಆ ಅರ್ಧ ಹುಲಿ ತಿರುಗಿ ನಿಂತಿತು. “ಹದಿನೈದು ವರ್ಷದಿಂದ ಬಣ್ಣ ಹಾಕಿಸ್ಕೊಳ್ತಿದ್ದೇನೆ. ಉರಿಯುತ್ತದಾ ಅಂತ ಕೇಳಿ, ಒಂದೊಂದು ಪಟ್ಟೆಗೂ ಊದಿದ್ದು ಇವಳೊಬ್ಬಳೇ. ಉಳಿದದ್ದೂ ಇವಳೇ ಬರೆಯಬೇಕು. ಇಲ್ಲದಿದ್ದರೆ ನಾನು ಹೀಗೇ ಕುಣಿಯುವುದು!”

ನಾನು ಚೀಲ ಕೆಳಗಿಟ್ಟೆ. “ಹಾಗಾದರೆ ತಾಸೆ ಹೊರಗೆ ಹೋಗಲಿ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ತಾಸೆಯವರು ಗೊಣಗುತ್ತಾ ಗೇಟಿನಾಚೆ ಹೋದರು. ಸ್ವಲ್ಪ ಹೊತ್ತಿಗೆ ಮಗಳು ಕುಂಚ ಹೆಕ್ಕಿಕೊಂಡು, ನಿಲ್ಲಿಸಿದ ಪಟ್ಟೆಯಿಂದಲೇ ಮುಂದುವರಿಸಿದಳು. ಮತ್ತೆ ಊದಿದಳು.

ಅವಳು ಕಿರುಚಿದರೆ ನಾನೀಗ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಸದ್ದು ಮಾಡಿದ್ದು ಯಾರು ಎಂದು ಕೇಳುತ್ತೇನೆ.