ಮೂರು ತಿಂಗಳ ಕೂಸಿಗೆ ಎರಡು ಮೊಳದ ಕೌದಿ

ಹೋದ ಸೋಮವಾರ ಮೂರು ತಿಂಗಳ ಕೂಸೊಂದು ನನ್ನ ಸೊಕ್ಕು ಮುರಿಯಿತು.

ಐದು ಹೆತ್ತವಳು ನಾನು. ಎಷ್ಟು ಮೊಮ್ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದೇನೋ ನನಗೇ ನೆನಪಿಲ್ಲ. ಕುಂದಲಹಳ್ಳಿಯ ನಮ್ಮ ಬೀದಿಯಲ್ಲಿ ಯಾವ ಮಗು ಹಟ ಹಿಡಿದರೂ “ಅಜ್ಜೀನ ಕರೀರಿ” ಅನ್ನುತ್ತಾರೆ. ಅಂಥವಳ ತೋಳಲ್ಲಿ ಆ ಕೂಸು ಒಂದೂವರೆ ಗಂಟೆ ಅತ್ತಿತು. ಹಾಡಿದೆ, ತೂಗಿದೆ, ಬೈದೆ (ಬೈದರೆ ಕೆಲವು ಕೂಸುಗಳು ಸುಮ್ಮನಾಗುತ್ತವೆ, ಬೇಕಾದರೆ ನೋಡಿ). ಏನೂ ನಡೆಯಲಿಲ್ಲ.

ಕೂಸು ಯಾರದು? ನಮ್ಮ ಹಿತ್ತಲ ರೂಮಿನಲ್ಲಿ ಬಾಡಿಗೆಗೆ ಇರುವ ಮಂಜುಳಾದು. ಅವಳು ಗಾರ್ಮೆಂಟ್ಸ್‌ಗೆ ಹೋಗುವವಳು. ಷರಟಿನ ಕಾಲರ್ ಹೊಲಿಯುವುದು ಅವಳ ಕೆಲಸ. ಬರೀ ಕಾಲರ್. ಐದು ವರ್ಷದಿಂದ ಅದನ್ನು ಬಿಟ್ಟು ಬೇರೇನೂ ಹೊಲಿದಿಲ್ಲ. “ತೋಳು ಹೆಂಗೆ ಕೂರಿಸ್ತಾರೋ ನಂಗೊತ್ತಿಲ್ಲ ಅಜ್ಜಿ, ಅದು ಮುಂದಿನ ಟೇಬಲ್‌ನೋರ್ದು” ಅನ್ನುತ್ತಾಳೆ.

ಅವಳ ಹೆರಿಗೆ ರಜೆ ಮುಗಿದಿತ್ತು. ಸೋಮವಾರ ಬರದಿದ್ದರೆ ಮೆಷಿನ್ನಿಗೆ ಬೇರೆಯವಳನ್ನು ಕೂರಿಸುತ್ತೇವೆ ಅಂತ ಸೂಪರ್‌ವೈಸರ್ ಹೇಳಿ ಕಳಿಸಿದ್ದ. ಅವಳಿಗೆ ತಾಯಿ ಇಲ್ಲ. ಗಂಡ ಲಾರಿ ಹತ್ತಿದರೆ ಮನೆಗೆ ಬರುವುದು ವಾರಕ್ಕೊಂದು ಸಲ. ಫ್ಯಾಕ್ಟರಿಯಲ್ಲಿ ಕೂಸುಗಳಿಗೆ ಅಂತ ಒಂದು ಕೋಣೆ ಇದೆಯಂತೆ. ಬಾಗಿಲಿಗೆ ಬೋರ್ಡೂ ಇದೆ, ಬೀಗವೂ ಇದೆ.

“ಬಿಟ್ಟೋಗೇ, ನಾನ್ ನೋಡ್ಕಂತೀನಿ” ಅಂದೆ.

“ಇವ್ಳು ನನ್ ಮಡಿಲು ಬಿಟ್ರೆ ಮಲ್ಗಲ್ಲ ಅಜ್ಜಿ. ಚಾಪೆ ಮೇಲೆ ಹಾಕಿದ ತಕ್ಷಣ ಕಣ್ ಬಿಡ್ತಾಳೆ.”

“ನಿನ್ನ ಹಳೇ ಸೀರೆ ತತ್ತಾ. ಅದ್ರಲ್ಲೇ ಒಂದು ಕೌದಿ ಹೊಲಿಯಾನ. ಅಮ್ಮನ ಸೀರೆ ಅಂದ್ರೆ ಕೂಸು ಅಂಗೇ ಮಲಗ್ತದೆ.”

ಎಲ್ಲಾ ಗೊತ್ತಿದ್ದವಳ ಹಾಗೆ ಹೇಳಿದೆ. ಮೂರು ಹಳೇ ಸೀರೆ ತಂದುಕೊಟ್ಟಳು. ಶನಿವಾರವೇ ಅವನ್ನು ಹಂಡೆಗೆ ಹಾಕಿ, ಸೋಡಾ ಸುರಿದು, ಎರಡು ಸಲ ಕುದಿಸಿ, ಬಿಸಿಲಿಗೆ ಹರವಿದೆ. ಎಳೇ ಮೈಗೆ ಕೊಳಕು ತಾಗಬಾರದಲ್ಲ? ಸೀರೆಗಳು ಹೂವಿನ ಹಾಗಾದವು.

ಭಾನುವಾರ ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಮಂಜುಳಾ ನನ್ನ ಸೊಸೆಯ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಕೌದಿ ಮುಗಿಸಿಬಿಟ್ಟಿದ್ದಳು! ಅಂಚು ನೋಡಿದರೆ ದಾರ ಹಿಡಿದು ಗೆರೆ ಎಳೆದ ಹಾಗಿದೆ.

“ಇಂಚಿಗೆ ಹನ್ನೆರಡು ಸ್ಟಿಚ್ಚು ಅಜ್ಜಿ. ಒಂದೂ ಬಿಟ್ಟಿಲ್ಲ ನೋಡಿ.”

ಕೈಯಲ್ಲಿ ಹಿಡಿದೆ. ಮಡಚಿದರೆ ಮಡಚುವುದಿಲ್ಲ. ಗೋಡೆಗೆ ಒರಗಿಸಿದೆ, ನಿಂತುಕೊಂಡಿತು.

“ಇದೇನೇ ಇದು? ಕೂಸಿಗೆ ಹಾಸಾಕಾ, ಚಾವಣಿಗೆ ಹೊದಿಸಾಕಾ?”

ಸೊಸೆ ಒಳಗಿನಿಂದಲೇ ನಕ್ಕಳು. ಮಂಜುಳಾಗೆ ನಗು ಬರಲಿಲ್ಲ. “ಬಿಚ್ಚು” ಅಂದಾಗಲಂತೂ ಮುಖ ಬಿಳಿಚಿಕೊಂಡಿತು.

“ಬಿಚ್ಚೋದಾ? ನಮ್ ಲೈನಲ್ಲಿ ಬಿಚ್ಚು ಅಂದ್ರೆ ಎಲ್ರ ಮುಂದೆ ನಿಲ್ಸಿ ಬೈತಾರೆ ಅಜ್ಜಿ.”

“ಇಲ್ಲಿ ಯಾರೂ ಬೈಯಾಕಿಲ್ಲ. ಬಿಚ್ಚೇ.”

ಬಿಚ್ಚಿದೆವು. ಇಬ್ಬರೂ ಜಗಲಿಯಲ್ಲಿ ಕೂತು ಕೈಯಲ್ಲೇ ಹೊಲಿದೆವು. ನನ್ನ ಅಂಕಣ ಓದುವ ನಿಮ್ಮಲ್ಲೂ ಕೆಲವರು ಕೌದಿ ಹೇಗೆ ಅಂತ ಪತ್ರ ಬರೆದು ಕೇಳಿದ್ದೀರಿ, ಅದಕ್ಕೇ ಹೇಳಿಬಿಡುತ್ತೇನೆ. ಇದೇನು ದೊಡ್ಡ ವಿದ್ಯೆಯಲ್ಲ.

ಉಟ್ಟು ಸವೆದ ನೂಲು ಸೀರೆ ತೆಗೆದುಕೊಳ್ಳಿ. ಹೊಸ ಬಟ್ಟೆ ಬೇಡ, ಅದರ ಗಂಜಿ ಚುಚ್ಚುತ್ತದೆ. ಕೂಸಿಗೆ ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ ಸಾಕು. ನಾಲ್ಕು ಪದರ ಒಂದರ ಮೇಲೊಂದು ಹಾಸಿ, ಸುಕ್ಕು ನೀವಿ, ನಾಲ್ಕು ಮೂಲೆಗೂ ಕಲ್ಲು ಹೇರಿ. (ನಮ್ಮ ಮನೆಯಲ್ಲಿ ಮಿಕ್ಸಿ ಬಂದಮೇಲೆ ರುಬ್ಬುಗುಂಡಿಗೆ ಉಳಿದಿರುವ ಕೆಲಸ ಇದೊಂದೇ.) ಅಂಚು ಒಳಕ್ಕೆ ಮಡಚಿ, ಸುತ್ತ ಹೊಲಿಯುತ್ತಾ ನಡುವಿಗೆ ಬನ್ನಿ. ಎರಡು ಹೊಲಿಗೆಯ ನಡುವೆ ಒಂದು ಅಕ್ಕಿಕಾಳು ಮಲಗುವಷ್ಟು ಜಾಗ ಇರಲಿ. ಬಟ್ಟೆಗೂ ಉಸಿರು ಬೇಡವೇ? ದಾರದ ಗಂಟು ಪದರದ ಒಳಗೇ ಅಡಗಬೇಕು, ಮೇಲೆ ಬಂದರೆ ಕೂಸಿನ ಬೆನ್ನಿಗೆ ಒತ್ತುತ್ತದೆ. ಉಳಿದ ತುಂಡಿನಲ್ಲಿ ಒಂದು ಕುಲಾವಿ ಆಗುತ್ತದೆ. ಅಂಗೈಯಗಲದ ಚೀಲ ಹೊಲಿದು ರಾಗಿ ತುಂಬಿದರೆ ತಲೆದಿಂಬು. ಇನ್ನೂ ಚೂರು ಉಳಿದರೆ ಪಾತ್ರೆ ಇಳಿಸುವ ಮಸಿಬಟ್ಟೆ. ಇಷ್ಟೇ.

ಮಂಜುಳಾ ಮೊದಲ ಸಾಲು ಹೊಲಿದು ನೋಡಿದಳು. ಸೊಟ್ಟ. “ನಮ್ ಚೆಕಿಂಗ್‌ನೋರು ನೋಡಿದ್ರೆ ಎದೆ ಒಡ್ಕೊಂಡ್ ಸಾಯ್ತಾರೆ” ಅಂದಳು. ಎರಡನೆಯ ಸಾಲೂ ಸೊಟ್ಟ. ಮೂರನೆಯದರ ಹೊತ್ತಿಗೆ ನೋಡುವುದನ್ನೇ ಬಿಟ್ಟಳು. ಸಂಜೆ ಕೌದಿ ಮುಗಿದಾಗ ಮಡಿಲಲ್ಲಿ ಹರವಿಕೊಂಡು ಒಂದೊಂದೇ ಸಾಲನ್ನು ಬೆರಳಲ್ಲಿ ಸವರಿದಳು.

“ಏನೇ?”

“ಏನಿಲ್ಲ. ಒಂದು ಸಾಮಾನನ್ನ ಶುರುವಿಂದ ಕೊನೇವರ್ಗೂ ನಾನೇ ಹೊಲ್ದಿದ್ದು ಇದೇ ಮೊದ್ಲು ಅಜ್ಜಿ.”

ಏಳು, ಅನ್ನಕ್ಕೆ ಇಡು ಅಂದೆ.

ಸೋಮವಾರ ಬೆಳಿಗ್ಗೆ ಹಾಲು ಕುಡಿಸಿ, ಕೂಸನ್ನು ಕೌದಿಯ ಮೇಲೆ ಮಲಗಿಸಿ, ತಿರುಗಿ ನೋಡದೆ ಬಸ್ಸಿಗೆ ಓಡಿದಳು. ಬಸ್ಸು ತಿರುವು ದಾಟುವ ಮೊದಲೇ ಕೂಸು ಶುರುಮಾಡಿತು. ಒಳಲೆಯಲ್ಲಿ ಹಸುವಿನ ಹಾಲು ಬಾಯಿಗಿಟ್ಟರೆ ಉಗುಳಿತು. ಕೌದಿಯ ಮೇಲೆ ಹಾಕಿದರೆ ಕೆಂಡ ತಾಗಿದ ಹಾಗೆ ಕಿರುಚಿತು. ಹೀಗೇ ಸಂಜೆಯವರೆಗೂ ಅತ್ತರೆ ಮಂಜುಳಾ ನಾಳೆ ಹೋಗುವವಳಲ್ಲ, ಹೋಗದಿದ್ದರೆ ಕೆಲಸ ಉಳಿಯುವುದಿಲ್ಲ.

ಕೂಸನ್ನು ಹೆಗಲಿಗೆ ಹಾಕಿಕೊಂಡು ಬಗ್ಗಿ ಆ ಕೌದಿಯನ್ನು ಮೂಸಿ ನೋಡಿದೆ. ಸೋಡಾ ವಾಸನೆ. ಬಿಸಿಲಿನ ವಾಸನೆ. ಮಂಜುಳಾ ಎಲ್ಲೂ ಇಲ್ಲ.

ಎರಡು ಸಲ ಕುದಿಸಿ ಅವಳನ್ನು ತೊಳೆದು ಹಾಕಿದವಳು ನಾನೇ! ಅಮ್ಮನ ಸೀರೆ ಅಂತ ಕೊಟ್ಟು, ಅಮ್ಮನನ್ನೇ ಹಂಡೆಯಲ್ಲಿ ಬಿಟ್ಟಿದ್ದೆ. ಮೂರು ತಿಂಗಳ ಕೂಸಿಗೆ ಬಣ್ಣ ಗೊತ್ತೇ, ಅಂಚು ಗೊತ್ತೇ? ಅದಕ್ಕೆ ಗೊತ್ತಿರುವುದು ಒಂದೇ ವಾಸನೆ.

ಹಿತ್ತಲ ರೂಮಿಗೆ ಹೋದೆ. ಬೆಳಿಗ್ಗೆ ಬಿಚ್ಚಿದ ವಾಯಿಲ್ ಸೀರೆ ಬಾಗಿಲ ಮೊಳೆಗೆ ನೇತಾಡುತ್ತಿತ್ತು. ಮೊಲೆಹಾಲು, ಬೆವರು, ಹರಳೆಣ್ಣೆ, ಒಲೆ ಹೊಗೆ. ತಂದು ಕೂಸಿನ ಕೆನ್ನೆಗೆ ತಾಗಿಸಿದೆ. ಅಳು ಅರ್ಧಕ್ಕೆ ನಿಂತಿತು. ಮೂಗು ಅರಳಿಸಿ ಹುಡುಕಿತು, ಪಾಪ.

ಹಾಗೇ ಹಾಸಿದೆ. ಕಾಲು ಒದ್ದು ಒದ್ದು ಸೀರೆಯನ್ನು ಮುಖದ ಮೇಲೆ ಎಳೆದುಕೊಂಡಿತು, ಉಸಿರು ಕಟ್ಟುವ ಹಾಗೆ. ಅದು ಆಗದು. ಕೂಸನ್ನು ಸೊಸೆಯ ಕೈಗೆ ಕೊಟ್ಟು ಕತ್ತರಿ ತೆಗೆದೆ.

“ಅತ್ತೆ, ಅವಳನ್ನ ಒಂದ್ ಮಾತು ಕೇಳ್ದೆ...” ಅಂದಳು ಸೊಸೆ.

“ಕೇಳಾಕೆ ಅವ್ಳೇನು ಇಲ್ಲಿ ಅವ್ಳಾ?”

ಸೆರಗಿನ ಕಡೆಯಿಂದ ಎರಡು ಮೊಳ ಕತ್ತರಿಸಿ, ಕೌದಿಯ ಮೇಲೆ ಬಿಗಿಯಾಗಿ ಎಳೆದು, ಸುತ್ತ ಹೊಲಿದೆ. ಹತ್ತು ನಿಮಿಷದ ಕೆಲಸ. ಈ ಸಲ ಮಲಗಿಸಿದಾಗ ಕೂಸು ಕೆನ್ನೆ ಒತ್ತಿ ಎರಡು ಸಲ ಬಿಕ್ಕಿ, ಒಳಲೆಯ ಹಾಲನ್ನೂ ಕುಡಿದು, ಹಾಗೇ ನಿದ್ದೆಹೋಯಿತು. ಮಧ್ಯಾಹ್ನ ಒಮ್ಮೆ ಎದ್ದು ಆಡಿತು, ಮತ್ತೆ ಮಲಗಿತು.

ಸಂಜೆ ಮಂಜುಳಾ ಬಸ್‌ಸ್ಟಾಪಿನಿಂದಲೇ ಓಡಿಬಂದಳು. ಹಾಲು ಸುರಿದು ರವಿಕೆ ನೆನೆದು ಹೋಗಿತ್ತು.

“ತುಂಬ ಅತ್ಲಾ ಅಜ್ಜಿ?”

“ಅತ್ಲು. ಆಮ್ಯಾಕೆ ಮಲ್ಗುದ್ಲು.”

ಹೊಸಿಲಲ್ಲೇ ನಿಂತಳು. ಖುಷಿಪಡಬೇಕು ತಾನೇ? ಕಣ್ಣು ತುಂಬಿಕೊಂಡಳು. “ನಾನಿಲ್ದೇನೂ ಮಲಗ್ತಾಳಾ?”

“ನಿನ್ನ ಮ್ಯಾಲೇ ಮಲ್ಗವ್ಳೆ ಕಣೇ, ಕಣ್ಬಿಟ್ಟು ನೋಡು.”

ನೋಡಿದಳು. “ಅಯ್ಯೋ, ನನ್ ಸೀರೆ!” ಅಂತ ಕೂಗಿ, ಬಾಯಿಗೆ ಕೈ ಇಟ್ಟುಕೊಂಡು, ಅಲ್ಲೇ ಕೂತು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ.

ಕೂಸಿಗೆ ಹಾಲೂಡಿಸುತ್ತಾ ಹೇಳಿದಳು: “ಇವತ್ತು ಒಂದೊಂದು ಕಾಲರೂ ಮೂಸಿ ನೋಡ್ತಿದ್ದೆ ಅಜ್ಜಿ. ಹೊಸ ಬಟ್ಟೆ ವಾಸ್ನೆ ಬಿಟ್ರೆ ಏನೂ ಇಲ್ಲ.”

“ಕೂಸಿನ ಕುಲಾವಿ ಬ್ಯಾಗಲ್ಲಿ ಇಟ್ಕಂಡೋಗು.”

“ಆಗಲ್ಲ. ಗೇಟಲ್ಲಿ ಮೈ ತಡವಿ ನೋಡ್ತಾರೆ. ಒಂದು ಚೂರು ಬಟ್ಟೆ ಸಿಕ್ಕಿದ್ರೂ ಕಂಪ್ನಿದು ಕದ್ದೆ ಅಂತಾರೆ.”

ಯಾವುದೋ ದೇಶದವನ ಕುತ್ತಿಗೆಗೆ ದಿನವಿಡೀ ಕಾಲರ್ ಹೊಲಿದು ಕೊಡುವವಳು ಇವಳು. ಇವಳು ತನ್ನ ಮಗಳ ಟೋಪಿ ಒಯ್ಯುವ ಹಾಗಿಲ್ಲ!

ಮೂರು ದಿನ ಕೂಸಿನ ತಲೆಯ ಮೇಲಿದ್ದ ಎಣ್ಣೆಜಿಡ್ಡಿನ ಹಳೇ ಕುಲಾವಿಯನ್ನು ತೊಳೆಯದೆ ಹಾಗೇ ತಂದೆ. ಅದರಿಂದ ಎರಡು ಬೆರಳಗಲ ಕತ್ತರಿಸಿ, ಅವಳು ಕೆಲಸಕ್ಕೆ ಉಡುವ ಸೀರೆಯ ಸೆರಗಿನ ಒಳಮಗ್ಗುಲಿಗೆ ಹೊಲಿದೆ. ಮುಖ ಒರೆಸಿಕೊಳ್ಳುವ ನೆಪದಲ್ಲಿ ಮೂಗಿಗೆ ಸಿಗುವ ಹಾಗೆ.

ಮಂಗಳವಾರ ಅದನ್ನೇ ಉಟ್ಟು ಹೋದಳು. “ಸಿಕ್ಕಿಬಿದ್ರೆ ಏನು ಗತಿ?” ಅಂತ ಸೊಸೆ ಈಗಲೂ ಹೆದರುತ್ತಾಳೆ.

ಸಿಗಲಿ ಬಿಡಿ. ಗೇಟಿನಲ್ಲಿ ತಡವುವವಳೂ ಒಂದು ಹೆಂಗಸೇ, ಒಂದು ಸಲ ಮೂಸಿ ನೋಡಿದರೆ ಅದು ಕಂಪನಿ ಬಟ್ಟೆಯೋ ಕೂಸಿನದೋ ಅವಳಿಗೆ ತಿಳಿಯದೇ?