ಎಣಿಸುವುದಿಲ್ಲ ಎಂದಿದ್ದ ಓಟು

ಆ ಚಳಿಗಾಲ ನನ್ನ ವ್ಯಾಪಾರ ಚೆನ್ನಾಗಿತ್ತು. ಹಾಗನ್ನಲು ಈಗಲೂ ಸ್ವಲ್ಪ ಹಿಂದೆಮುಂದೆ ನೋಡುತ್ತೇನೆ. ಬೇರೆಯವರ ಆಫೀಸು ಮುಚ್ಚಿದರೆ ಮಾತ್ರ ನಡೆಯುವ ವ್ಯಾಪಾರ ಅದು. ಕಂಪನಿಗಳು ಬಾಗಿಲು ಹಾಕುವಾಗ ಅವರ ಮೇಜು, ಕುರ್ಚಿ, ಕ್ಯೂಬಿಕಲ್ ಗೋಡೆ ಎಲ್ಲವನ್ನೂ ಒಟ್ಟಿಗೆ ಕೊಂಡು, ಬಿಚ್ಚಿ, ಒರೆಸಿ, ಇನ್ನೂ ಬಾಗಿಲು ತೆಗೆದಿರುವವರಿಗೆ ಮಾರುವುದು. ಶಾಮ್‌ಬರ್ಗ್‌ನಲ್ಲಿ ಮನೆ, ಇಟಾಸ್ಕಾದಲ್ಲಿ ಗೋಡೌನ್. ಈ ದೇಶಕ್ಕೆ ಬಂದಾಗ ಗೋಡೌನಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದವನು ನಾನು. ಗೋಡೌನ್ ನನ್ನದೇ ಆದ ಮೇಲೂ ಎತ್ತುವುದು ತಪ್ಪಲಿಲ್ಲ.

ನೀವು ಯಾವತ್ತಾದರೂ ಹಳೇ ಆಫೀಸ್ ಕುರ್ಚಿ ಕೊಳ್ಳುವುದಾದರೆ, ಮೊದಲು ಅದರ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ಮನಿರಿ. ತಾನಾಗಿ ಕೆಳಗಿಳಿದರೆ ಬಿಟ್ಟುಬಿಡಿ. ಇಳಿಯದಿದ್ದರೆ ಒಳ್ಳೆಯ ಕುರ್ಚಿ, ಆದರೆ ಅದನ್ನು ಮುಖದಲ್ಲಿ ತೋರಿಸಬೇಡಿ. ಮಾರುವವನು ನಿಮ್ಮ ಮುಖವನ್ನೇ ನೋಡುತ್ತಿರುತ್ತಾನೆ.

ನಮ್ಮಲ್ಲಿಂದ ಐದು ಗಂಟೆಯ ದಾರಿ, ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಕಡೆ ಆಗ ಕೆಲಸವೋ ಕೆಲಸ. ಕಾರಿನ ಬಿಡಿಭಾಗ ಮಾಡುವ ಕಂಪನಿಗಳು ಒಂದೊಂದಾಗಿ ಆಫೀಸು ಖಾಲಿ ಮಾಡುತ್ತಿದ್ದವು. ಟ್ರಕ್ ತೆಗೆದುಕೊಂಡು ಹೋದರೆ ನನ್ನ ಅಕ್ಕನ ಮನೆಯಲ್ಲೇ ಇಳಿದುಕೊಳ್ಳುವುದು. ಅಕ್ಕ, ಭಾವ ಇದ್ದದ್ದು ಅಲ್ಲೇ ಪಕ್ಕದ ಟ್ರಾಯ್‌ನಲ್ಲಿ. ಭಾವ ಮೈಸೂರಿನವರು, ಕಾರಿನ ಸೀಟು ಮಾಡುವ ಒಂದು ಕಂಪನಿಯಲ್ಲಿ ಎಂಜಿನಿಯರ್. ಹಿಂದಿನ ಬೇಸಿಗೆಯಲ್ಲಿ ಅವರು ಈ ದೇಶದ ಪೌರರಾಗಿ ಪ್ರಮಾಣ ಮಾಡಿದ್ದರು. ಯಾಕೆ ಈಗ ಅಂತ ಕೇಳಿದರೆ, "ಓಟು ಹಾಕ್ಬೇಕು ಕಣೋ, ಇಷ್ಟು ವರ್ಷ ಇದ್ದು ಒಂದು ಸಲಾನೂ ಹಾಕಿಲ್ಲ" ಅಂದಿದ್ದರು. ಅಧ್ಯಕ್ಷರ ಚುನಾವಣೆಗೆ ಮುಂಚೆ ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಯನ್ನು ಆರಿಸಲು ರಾಜ್ಯ ರಾಜ್ಯದಲ್ಲೂ ಓಟು ನಡೆಸುತ್ತದಲ್ಲ, ಪ್ರೈಮರಿ, ಅದೇ ಅವರ ಮೊದಲ ಓಟು ಆಗಬೇಕಿತ್ತು.

ಎಡವಟ್ಟಾದದ್ದು ಅಲ್ಲೇ. ಮಿಷಿಗನ್ ರಾಜ್ಯ ತನ್ನ ಪ್ರೈಮರಿಯನ್ನು ಸರದಿಗೆ ಮುಂಚೆ, ಸಂಕ್ರಾಂತಿ ಹೊತ್ತಿಗೇ ಇಟ್ಟುಕೊಂಡಿತ್ತು. ಸರದಿ ತಪ್ಪಿಸಿದ್ದಕ್ಕೆ ಭಾವನ ಪಕ್ಷದ ದೊಡ್ಡವರು, ನಿಮ್ಮ ಓಟು ಎಣಿಸುವುದಿಲ್ಲ, ಅಭ್ಯರ್ಥಿಯನ್ನು ಕೊನೆಗೆ ಆರಿಸುವ ಸಮಾವೇಶದಲ್ಲಿ ನಿಮ್ಮ ಪ್ರತಿನಿಧಿಗಳಿಗೆ ಜಾಗ ಇಲ್ಲ ಅಂದುಬಿಟ್ಟರು. ಭಾವ ಮೆಚ್ಚಿದ ಅಭ್ಯರ್ಥಿ ಪಕ್ಷದ ಮಾತಿಗೆ ಬೆಲೆ ಕೊಟ್ಟು ಮಿಷಿಗನ್ ಬ್ಯಾಲೆಟ್ಟಿನಿಂದ ತಮ್ಮ ಹೆಸರನ್ನೇ ತೆಗೆಸಿದರು. ಹೆಸರಿಲ್ಲದವರಿಗೆ ಎಣಿಸದ ಓಟು. ಭಾವ ಆದರೂ ಹಾಕುತ್ತೇನೆ ಅಂತ ಕೂತರು.

ಓಟಿನ ಹಿಂದಿನ ದಿನ ನಾನು ಟ್ರಾಯ್‌ಗೆ ಹೋದೆ, ಅಲ್ಲೇ ಒಂದು ಆಫೀಸು ಬಿಚ್ಚುವ ಕೆಲಸವಿತ್ತು. ಅಕ್ಕ ಡೈನಿಂಗ್ ಟೇಬಲ್ ಮೇಲೆ ಕೊಬ್ಬರಿ, ಬೆಲ್ಲ ಹೆಚ್ಚುತ್ತಿದ್ದಳು. ಪಕ್ಕದ ಬೀದಿಯ ಡಾಕ್ಟರೂ ಬಂದಿದ್ದರು. ಹುಬ್ಬಳ್ಳಿ ಕಡೆಯವರು, ಇನ್ನೊಂದು ಪಕ್ಷದವರು, ಭಾವನನ್ನು ಕೆಣಕದಿದ್ದರೆ ಅವರಿಗೆ ಚಹಾ ಒಳಗಿಳಿಯುತ್ತಿರಲಿಲ್ಲ.

"ಲೆಕ್ಕಕ್ಕಿಲ್ಲದ ಓಟಿಗೆ ಯಾಕ್ರೀ ಇಷ್ಟು ತಲಿ ಕೆಡಿಸ್ಕೋತೀರಿ?" ಅಂದರು ಡಾಕ್ಟರು. "ನಮ್ಮ ಪಕ್ಷನೂ ಸಿಟ್ಟಾಗೇದ, ಆದ್ರ ಅರ್ಧಾನರ ಉಳಿಸೇದ. ನಮ್ಮ ಕಡೆ ಬರ್ರಿ, ಅರ್ಧಾ ಎಣಸ್ತಾರ."

"ನಿಮ್ಮ ಕಡೆ ನನಗೆ ಬೇಕಾದವರು ಒಬ್ಬರೂ ಇಲ್ವಲ್ಲ ಡಾಕ್ಟ್ರೇ."

"ಬ್ಯಾಡಾದವ್ರಾಗ ಕಮ್ಮಿ ಬ್ಯಾಡಾದಾಂವನ್ನ ಆರಿಸ್ರಿ. ಮದುವಿ ಮಾಡ್ಕೊಳ್ಳೂ ಮುಂದ ಎಲ್ಲಾರೂ ಅದ್ನ ಮಾಡಿದ್ದು."

"ಏನಂದ್ರಿ?" ಅಂತ ಅಕ್ಕ ಅಡಕೊತ್ತು ಎತ್ತಿದಳು. ಡಾಕ್ಟರು ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡರು.

ನನಗೆ ಕೇಳದಿದ್ದರೂ ಸಲಹೆ ಕೊಡುವ ಸ್ವಭಾವ. "ಭಾವ, ಡಾಕ್ಟ್ರು ಹೇಳೋದು ಸರಿ," ಅಂದೆ. "ಸೊನ್ನೆಗಿಂತ ಅರ್ಧ ವಾಸಿ. ಆ ಕಡೆ ಬ್ಯಾಲೆಟ್ ತಗೊಳ್ಳಿ, ಮುಂದೆ ನಿಮ್ಮವರು ಸುಲಭವಾಗಿ ಸೋಲಿಸೋ ಅಂಥವರಿಗೆ ಹಾಕಿ. ನಿಮ್ಮವರಿಗೇ ಅನುಕೂಲ."

"ಇದೇನು ನಿನ್ನ ಕುರ್ಚಿ ವ್ಯಾಪಾರಾನಾ?"

"ಎಲ್ಲಾ ಕುರ್ಚಿ ವ್ಯಾಪಾರಾನೇ ಭಾವ."

ಡಾಕ್ಟರು ಮೇಜು ಕುಟ್ಟಿ ನಕ್ಕರು. ಭಾವ ನಗಲಿಲ್ಲ. ಬ್ಯಾಲೆಟ್ಟಿನಲ್ಲಿ "ಯಾರಿಗೂ ಬದ್ಧರಲ್ಲ" ಅನ್ನುವ ಸಾಲೊಂದು ಇದೆ, ಹೆಸರು ತೆಗೆಸಿದವರ ಕಡೆಯವರೆಲ್ಲ ಅದಕ್ಕೇ ಹಾಕುತ್ತಿದ್ದಾರೆ, ನಾನೂ ಅದಕ್ಕೇ ಹಾಕುವುದು ಅಂದರು. ಖಾಲಿ ಕುರ್ಚಿಗೆ ಓಟು ಅಂದೆ ನಾನು. ಹೌದು ಅಂದರು.

ಮಾರನೆಯ ದಿನ ಬೆಳಿಗ್ಗೆ ನಾನೇ ಅವರನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಓಟು ನಡೆಯುತ್ತಿದ್ದ ಶಾಲೆಯ ಜಿಮ್ಮಿಗೆ ಹೋದೆ. ಭಾವ ಇಸ್ತ್ರಿ ಮಾಡಿದ ಷರ್ಟು ಹಾಕಿದ್ದರು. ನಾನು ಬಾಗಿಲ ಹತ್ತಿರ ನಿಂತೆ. ಅವರ ಸರದಿ ಬಂತು. ಮೇಜಿನ ಹಿಂದಿದ್ದ ವಯಸ್ಸಾದ ಹೆಂಗಸು ಗುರುತಿನ ಚೀಟಿ ನೋಡಿ ಏನೋ ಕೇಳಿದರು. ಆಕೆ ಮತ್ತೆ ಕೇಳಿದರು. ಭಾವ ಸಾಲು ಬಿಟ್ಟು ನನ್ನ ಹತ್ತಿರ ನಡೆದು ಬಂದರು.

"ಯಾವ ಪಕ್ಷ ಅಂತ ಹೇಳ್ಬೇಕಂತೆ ಕಣೋ."

"ಹೇಳಿ ಮತ್ತೆ. ಆ ಪಕ್ಷದ ಬ್ಯಾಲೆಟ್ ಕೊಡ್ತಾರೆ."

"ಎಲ್ಲರೆದುರಿಗಾ? ಓಟು ಗುಟ್ಟಲ್ವಾ?"

ಪ್ರತಿನಿಧಿಗಳನ್ನು ಯಾವ ಜಿಲ್ಲೆಗೆ ಎಷ್ಟು ಹಂಚುತ್ತಾರೆ ಅನ್ನುವವರೆಗೆ ಎಲ್ಲ ನಿಯಮ ಓದಿಕೊಂಡಿದ್ದ ಮನುಷ್ಯನಿಗೆ ಇದೊಂದು ತಲೆಗೆ ಹೋಗಿರಲಿಲ್ಲ. ಅವರ ತಂದೆ ಮೈಸೂರಿನಲ್ಲಿ ಮೇಷ್ಟರಾಗಿದ್ದವರು, ಕಡೆಯವರೆಗೂ ಯಾರಿಗೆ ಹಾಕಿದೆ ಅಂತ ಹೆಂಡತಿಗೂ ಹೇಳಲಿಲ್ಲವಂತೆ. ಕೇಳುವುದೇ ಅಸಭ್ಯ ಅಂತ ಅವರ ಮನೆಯಲ್ಲಿ. ಮನೆಯ ಟೇಬಲ್ಲಿನಲ್ಲಿ ನಮ್ಮೆದುರು ವಾದ ಮಾಡುವುದು ಬೇರೆ, ಬೂತಿನಲ್ಲಿ ಬಾಯಿಬಿಡುವುದು ಬೇರೆ.

"ಅದೂ ಅಲ್ದೆ," ಅಂದರು ತಗ್ಗಿದ ದನಿಯಲ್ಲಿ, "ಸಾಲಲ್ಲಿ ನನ್ನ ಹಿಂದೆ ನಿಂತಿರೋದು ನಮ್ಮ ಮ್ಯಾನೇಜರು."

ಅದು ನನಗೆ ಅರ್ಥವಾಗುವ ಮಾತು. ಭಾವನ ಕಂಪನಿಯಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಅನ್ನುವ ಮಾತು ನಡೆಯುತ್ತಿದ್ದ ದಿನಗಳು ಅವು. "ಹಾಗಾದ್ರೆ ಅವರನ್ನ ಮುಂದೆ ಬಿಡಿ," ಅಂದೆ. "ಅವರು ಯಾವ ಪಕ್ಷ ಹೇಳ್ತಾರೋ ಕೇಳಿಸ್ಕೊಂಡು ಆಮೇಲೆ ನೀವು ಹೇಳಿ. ಎದುರಿನವನ ರೇಟು ಗೊತ್ತಾಗೋ ಮುಂಚೆ ನಮ್ಮ ರೇಟು ಹೇಳಬಾರದು."

ಭಾವ ನನ್ನನ್ನು ನೋಡಿದರು, ಷರ್ಟಿನ ಕಾಲರ್ ಸರಿಮಾಡಿಕೊಂಡರು, ವಾಪಸ್ ಹೋಗಿ ಮ್ಯಾನೇಜರಿಗೆ ಕ್ಷಮಿಸಿ ಅಂದು ಅವರ ಮುಂದೆಯೇ ನಿಂತರು. ಪಕ್ಷದ ಹೆಸರು ಪಿಸುಗುಟ್ಟಿದರು. ಆ ಹೆಂಗಸಿಗೆ ಕಿವಿ ಸ್ವಲ್ಪ ಮಂದ ಅಂತ ಕಾಣುತ್ತದೆ, ಕಿವಿಗೆ ಕೈ ಇಟ್ಟು ಬಗ್ಗಿದರು. ಭಾವ ಮತ್ತೆ ಹೇಳಿದರು. ಆಕೆ ಅದನ್ನೇ ಇಡೀ ಜಿಮ್ಮಿಗೆ ಕೇಳುವಂತೆ ದೊಡ್ಡದಾಗಿ ಹೇಳಿ, ಬ್ಯಾಲೆಟ್ ಕೊಟ್ಟು, ಮುಂದಿನವರು ಅಂದರು. ಮ್ಯಾನೇಜರು ಒಂದು ಹೆಜ್ಜೆ ಮುಂದೆ ಬಂದು, ತಮ್ಮ ಬೂಟು ನೋಡಿಕೊಂಡು, ಅದೇ ಪಕ್ಷದ ಹೆಸರು ಹೇಳಿದರು.

ಭಾವ ಟ್ರಕ್ಕಿಗೆ ಹತ್ತಿದರು. ಸೀಟ್ ಬೆಲ್ಟ್ ಹಾಕಿಕೊಂಡು, "ಆಯ್ತು" ಅಂದರು ಅಷ್ಟೆ.

ಚಳಿ ಮುಗಿಯುವುದರೊಳಗೆ ಅವರ ವಿಭಾಗವನ್ನೇ ಮುಚ್ಚಿದರು. ಓಟಿಗೂ ಅದಕ್ಕೂ ಸಂಬಂಧವಿಲ್ಲ, ಮ್ಯಾನೇಜರನ್ನೂ ಅದೇ ವಾರ ಕಳಿಸಿದರು. ಭಾವ ಫೋನ್ ಮಾಡಿ ಹವಾಮಾನ ಹೇಳುವ ದನಿಯಲ್ಲೇ ವಿಷಯ ಹೇಳಿದರು. ನಾನೂ ಅದೇ ದನಿಯಲ್ಲಿ, ಇಲ್ಲಿಗೆ ಬನ್ನಿ, ಕೆಲಸವಿದೆ ಅಂದೆ. ಮಗಳ ಶಾಲೆ ಮುಗಿಯುವವರೆಗೆ ಅಕ್ಕ ಟ್ರಾಯ್‌ನಲ್ಲೇ ಇರುವುದು, ಭಾವ ವಾರವೆಲ್ಲ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿದ್ದು ಶುಕ್ರವಾರ ಡ್ರೈವ್ ಮಾಡಿಕೊಂಡು ಹೋಗುವುದು ಅಂತಾಯಿತು. ಆಗ ಯಾರೂ ಅಳಲಿಲ್ಲ. ಎಲ್ಲರ ಮನೆಯಲ್ಲೂ ಇದೇ ನಡೆಯುತ್ತಿದ್ದಾಗ ಅಳುವುದಕ್ಕೂ ಸಂಕೋಚ.

ಎಂಜಿನಿಯರ್ ಕೈಗೆ ಸ್ಕ್ರೂಗನ್ ಕೊಟ್ಟರೆ ಕೆಲಸ ನಿಧಾನ, ಆದರೆ ಅಚ್ಚುಕಟ್ಟು. ಕ್ಯೂಬಿಕಲ್ ಗೋಡೆಗೆ ಯಾರೋ ಅಂಟಿಸಿದ ಮಕ್ಕಳ ಫೋಟೋ, ಬರ್ತ್‌ಡೇ ಕಾರ್ಡು ಸಿಕ್ಕರೆ ನಾನು ಕಸಕ್ಕೆ ಹಾಕುತ್ತಿದ್ದೆ. ಭಾವ ಮೊದಮೊದಲು ಒಂದು ಕವರಿನಲ್ಲಿ ತೆಗೆದಿಡುತ್ತಿದ್ದರು. ಆಮೇಲೆ ಅವರೂ ಕಸಕ್ಕೇ ಹಾಕತೊಡಗಿದರು. ಪಕ್ಕದಲ್ಲಿ ಒಂದು ಸಣ್ಣ ರೇಡಿಯೋ ಮಾತ್ರ ಇರಲೇಬೇಕು. ವಸಂತವಿಡೀ ಅದರಲ್ಲಿ ಇದೇ ವಾದ. ಮಿಷಿಗನ್ ಓಟು ಎಣಿಸಬೇಕೋ ಬೇಡವೋ. ನಿಯಮ ಮುರಿದದ್ದು ರಾಜ್ಯದ ಪುಢಾರಿಗಳು, ಓಟು ಹಾಕಿದವರಿಗೆ ಯಾಕೆ ಶಿಕ್ಷೆ ಅಂತ ಒಬ್ಬರು. ನಿಯಮ ಅಂದಮೇಲೆ ನಿಯಮ ಅಂತ ಇನ್ನೊಬ್ಬರು.

"ನೋಡ್ತಿರಿ," ಅಂದೆ. "ಮೊದಲು ಸೊನ್ನೆ ಅಂದಿದ್ದಾರೆ. ಈ ಕಡೆಯವರು ಪೂರ್ತಿ ಅಂತಿದ್ದಾರೆ. ಅರ್ಧಕ್ಕೆ ಮುಗಿಯುತ್ತೆ."

"ಮನುಷ್ಯನ ಓಟನ್ನ ಹೇಗೋ ಅರ್ಧ ಮಾಡ್ತಾರೆ?"

"ಡಾಕ್ಟ್ರ ಪಕ್ಷದವರು ಮಾಡಿದ್ರಲ್ಲ."

ನಡುವೆ ಹೊಸದಾಗಿ ಇನ್ನೊಮ್ಮೆ ಓಟು ನಡೆಸುವ ಮಾತು ಬಂತು. ಆಗ ಒಂದೆರಡು ವಾರ ಭಾವನ ಮುಖದಲ್ಲಿ ಜೀವ ಬಂದಿತ್ತು. ಈ ಸಲ ಹೆಸರೂ ಇರುತ್ತದೆ, ಎಣಿಸುವುದೂ ಉಂಟು. ಮೊದಲ ಸಲ ಇನ್ನೊಂದು ಪಕ್ಷದ ಬ್ಯಾಲೆಟ್ ತೆಗೆದುಕೊಂಡವರಿಗೆ ಮಾತ್ರ ಅವಕಾಶವಿಲ್ಲ ಅನ್ನುವ ಷರತ್ತೂ ಕೇಳಿಬಂತು. "ನಿನ್ನ ಮಾತು ಕೇಳಿದ್ರೆ ನಾನು ಹೊರಗೇ," ಅಂದರು ಭಾವ, ಸ್ಕ್ರೂಗನ್ ನನ್ನ ಕಡೆ ತೋರಿಸಿ. ಆ ತಿಂಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ. ಆಮೇಲೆ ಖರ್ಚು ಯಾರು ಕೊಡಬೇಕು, ನಿಯಮ ಯಾರು ಮಾಡಬೇಕು ಅಂತ ಜಗಳವಾಗಿ ಮರುಓಟಿನ ಮಾತು ಬಿದ್ದುಹೋಯಿತು. ಅವರು ರೇಡಿಯೋ ದನಿ ಕಮ್ಮಿ ಮಾಡಿದರು, ಆರಿಸಲಿಲ್ಲ.

ಪಕ್ಷದವರು ಕಡೆಗೆ ಕೂತು ತೀರ್ಮಾನ ಮಾಡಿದ್ದು ಒಂದು ಶನಿವಾರ. ನಾನೂ ಟ್ರಾಯ್‌ನಲ್ಲಿದ್ದೆ, ಅಕ್ಕನ ಮನೆ ಸಾಮಾನು ಕಟ್ಟಲು. ಡಾಕ್ಟರು ತಾವೇ ಚಹಾ ಮಾಡಿಕೊಂಡು ಕೂತಿದ್ದರು. ಟಿವಿಯಲ್ಲಿ ಇಡೀ ದಿನ ವಾದ ನಡೆದು, ಕಡೆಗೆ ಮಿಷಿಗನ್ ಪ್ರತಿನಿಧಿಗಳಿಗೆ ಜಾಗ ಕೊಡೋಣ, ಆದರೆ ಒಬ್ಬೊಬ್ಬರಿಗೂ ಅರ್ಧ ಓಟು ಅಂದರು. ಖಾಲಿ ಕುರ್ಚಿಗೆ ಬಿದ್ದ ಓಟುಗಳು ಭಾವ ಮೆಚ್ಚಿದವರ ಪಾಲಿಗೇ ಹೋದವು.

"ಬರ್ರಿ ನಮ್ಮ ಸಾಲಿಗೆ," ಅಂದರು ಡಾಕ್ಟರು. "ನಾವೂ ಅರ್ಧಾ, ನೀವೂ ಅರ್ಧಾ."

"ಬೈಟು ಕಾಫಿ ಥರ," ಅಂದಳು ಅಕ್ಕ. ಸುತ್ತಿದ ಪಾತ್ರೆಯನ್ನು ಪೆಟ್ಟಿಗೆಗೆ ಇಡುತ್ತಲೇ ಅಂದದ್ದು, ತಲೆ ಎತ್ತಲಿಲ್ಲ.

ಹೇಳಿದ್ದೆನಲ್ಲ ಅನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಭಾವನ ಕಡೆ ನೋಡಿದೆ. ಖುಷಿಯೂ ಇಲ್ಲ, ಸಿಟ್ಟೂ ಇಲ್ಲ. ಟಿವಿಯ ಪ್ಲಗ್ ಕಿತ್ತು, ವೈರು ಸುತ್ತಿ, "ಇದನ್ನ ಯಾವ ಪೆಟ್ಟಿಗೆಗೆ ಹಾಕೋದು?" ಅಂತ ಕೇಳಿದರು. ನಾನು ಒಂದು ಪೆಟ್ಟಿಗೆ ಅವರ ಕಡೆ ತಳ್ಳಿದೆ. ಸರಿಯಾದ ಅಂದಾಜನ್ನು ಎಲ್ಲ ಸಲವೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಇದನ್ನೂ ಬೇಕಾದರೆ ನನ್ನ ಸಲಹೆಗಳ ಜೊತೆ ಸೇರಿಸಿಕೊಳ್ಳಿ.

ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕ, ಭಾವ ನಮ್ಮ ಹತ್ತಿರವೇ ಒಂದು ಅಪಾರ್ಟ್‌ಮೆಂಟಿಗೆ ಬಂದಿದ್ದರು. ಅಲ್ಲೇ ಹತ್ತಿರದ ಲಿಸ್ಲ್‌ನಲ್ಲಿ ಒಂದು ಕಂಪನಿಯ ಇಡೀ ಮಹಡಿ ಖಾಲಿ ಮಾಡುತ್ತಿದ್ದೆವು, ಮೀಟಿಂಗ್ ರೂಮಿನ ಉದ್ದನೆಯ ಮೇಜೊಂದೇ ಉಳಿದಿತ್ತು. ನಾನು ಟ್ರಕ್ಕಿನಿಂದ ಮೇಜು ಕಟ್ಟುವ ಪಟ್ಟಿ ತರಲು ಹೋದಾಗ ಅದರ ರೇಡಿಯೋದಲ್ಲಿ ಸುದ್ದಿ ಬರುತ್ತಿತ್ತು. ಭಾವ ತಮ್ಮ ರೇಡಿಯೋ ತರುವುದನ್ನು ಅಷ್ಟರಲ್ಲಿ ಬಿಟ್ಟಿದ್ದರು. ಭಾವ ಮೆಚ್ಚಿದವರೇ ಅಭ್ಯರ್ಥಿ ಅಂತ ಎಂದೋ ಖಚಿತವಾಗಿತ್ತು, ಎದುರಾಳಿ ಹಿಂದೆ ಸರಿದಾಗಿತ್ತು, ಇನ್ನು ಜಗಳಕ್ಕೇನೂ ಉಳಿದಿರಲಿಲ್ಲ. ಅದಕ್ಕೇ ಇರಬೇಕು, ಸಮಾವೇಶಕ್ಕೆ ಮುಂಚೆ ಮಿಷಿಗನ್‌ನವರಿಗೆ ಪೂರ್ತಿ ಓಟು ವಾಪಸ್ ಕೊಟ್ಟಿದ್ದರು.

ಮೇಲೆ ಬಂದು ಭಾವನಿಗೆ ಹೇಳಿದೆ. "ಪೂರ್ತಿ ಮಾಡಿದ್ರಂತೆ ಭಾವ. ನಿಮ್ಮ ಓಟು."

ಅವರು ಮೇಜಿನ ಕೆಳಗೆ ಮಲಗಿ ಬೋಲ್ಟು ಬಿಚ್ಚುತ್ತಿದ್ದರು. ಮುಖ ಕಾಣಲಿಲ್ಲ.

"ಎಲ್ಲರದ್ದೂನಾ?"

"ಎಲ್ಲರದ್ದೂ."

ಸ್ವಲ್ಪ ಹೊತ್ತು ಸ್ಕ್ರೂಗನ್ ಸದ್ದು. ಆಮೇಲೆ, "ನಮ್ಮ ಮ್ಯಾನೇಜರದ್ದೂ ಆಯ್ತು ಹಾಗಾದ್ರೆ," ಅಂದರು. "ಅವರಿಗೆ ಗೊತ್ತಾಯ್ತೋ ಇಲ್ವೋ. ಒಂದು ಫೋನ್ ಮಾಡ್ಬೇಕು."

ಅವರು ಕೆಳಗಿನಿಂದ ಹೊರಬಂದು, ಮೊಣಕಾಲು ಕೊಡವಿಕೊಂಡು, ಕಿಟಕಿಯ ಹತ್ತಿರ ಹೋಗಿ ಸೆಲ್‌ಫೋನ್ ತೆಗೆದರು. ಹೈವೇ ಕಡೆ ನೋಡುತ್ತಾ ಕಿವಿಗಿಟ್ಟುಕೊಂಡು ನಿಂತರು. ಖಾಲಿ ಮಹಡಿಯಲ್ಲಿ ಆ ಕಡೆಯ ರಿಂಗು ನನಗೂ ಸಣ್ಣಗೆ ಕೇಳುತ್ತಿತ್ತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು.

"ಯಾವ ನಂಬರ್ ಅದು?" ಅಂದೆ.

"ಆಫೀಸಿಂದೇ. ಅವರ ಡೆಸ್ಕಿಂದು. ಬೇರೆ ನಂಬರ್ ಇಸ್ಕೊಂಡೇ ಇರ್ಲಿಲ್ಲ."

ಮುಚ್ಚಿದ ಆಫೀಸಿನಲ್ಲಿ ಫೋನುಗಳು ಎಲ್ಲಿರುತ್ತವೆ ಅಂತ ನನ್ನಷ್ಟು ಗೊತ್ತಿದ್ದವರು ಆ ಕೋಣೆಯಲ್ಲಿ ಇನ್ನೊಬ್ಬರಿದ್ದರೆ ಅದು ಭಾವನೇ. ಮೇಜು ಎತ್ತುವ ಮುಂಚೆ ನಾವು ಅವುಗಳ ವೈರು ಕಿತ್ತು ಒಂದು ಮೂಲೆಯಲ್ಲಿ ರಾಶಿ ಹಾಕುತ್ತೇವೆ. ಲೈನು ಕಡಿಯುವವರೆಗೆ ಕರೆ ಮಾಡಿದವರ ಕಿವಿಯಲ್ಲಿ ಮಾತ್ರ ರಿಂಗು ಕೇಳುತ್ತಿರುತ್ತದೆ.

ಅವರು ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನು ಜೇಬಿಗೆ ಹಾಕಿದರು. ಮೇಜಿನ ಒಂದು ತುದಿಗೆ ಬಂದು ನಿಂತರು.

"ಹಿಡ್ಕೋ ಆ ಕಡೆ," ಅಂದರು.