ಅಗಲದ ಅಲಗು

ಎಂಬತ್ತರ ದಶಕದಲ್ಲಿ ನಾವು ಅಮೆರಿಕದ ಸ್ಯಾನ್ ಹೊಸೆಯಲ್ಲಿದ್ದಾಗ ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನ ಶಾಲಾ ಶಿಕ್ಷಕಿಯೊಬ್ಬಳಿದ್ದಳು. ವಸಂತ ಬಂತೆಂದರೆ ಬಿಲ್ಲು ಹಿಡಿದು ಕಾಡು ಟರ್ಕಿ ಕೋಳಿಯ ಬೇಟೆಗೆ ಹೊರಡುತ್ತಿದ್ದಳು. ಮೊಟ್ಟೆಯನ್ನೂ ಮುಟ್ಟದ ಮೈಸೂರಿನ ಮನೆಯಿಂದ ಬಂದ ನನಗೆ ಅವಳನ್ನು ಕಂಡರೆ ಭಯಕ್ಕಿಂತ ಕುತೂಹಲವೇ ಹೆಚ್ಚು.

ಒಂದು ಶನಿವಾರ ಅವಳು ಹಿತ್ತಲಿನ ಮೇಜಿನ ಮೇಲೆ ಎರಡು ಬಗೆಯ ಬಾಣದ ಮೊನೆಗಳನ್ನಿಟ್ಟುಕೊಂಡು ಯೋಚಿಸುತ್ತಿದ್ದಳು. ಒಂದು ಕಿರಿದು, ಇನ್ನೊಂದಕ್ಕೆ ಅಗಲವಾದ ಮೂರು ಅಲಗು. ನಾನು ಬೇಲಿಯ ಬಳಿ ನಿಂತು, "ಕಿರಿದಾದ್ದು ಸಲೀಸಾಗಿ ಒಳಗೆ ಹೋಗಲ್ವಾ?" ಎಂದು ಕೇಳಿದೆ.

"ಹೋಗುತ್ತೆ, ಆಚೆ ಕಡೆಯಿಂದ ಹೊರಗೂ ಬರುತ್ತೆ. ಆಗ ಹಕ್ಕಿ ಹಾರಿಹೋಗಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ. ಅಷ್ಟು ಗರಿಗಳೊಳಗೆ ಹೃದಯ ಇರೋ ಜಾಗ ಇಷ್ಟೇ," ಎಂದು ಮುಷ್ಟಿ ಮಡಿಸಿ ತೋರಿಸಿದಳು. "ಅಗಲವಾದ್ದು ನಿಂತಲ್ಲೇ ಕೆಡವುತ್ತೆ. ಆದರೆ ದೂರದಿಂದ ಬಿಟ್ಟರೆ ಗಾಳಿಗೆ ಓಲುತ್ತೆ."

ಎರಡನ್ನೂ ಹುಲ್ಲಿನ ಪಿಂಡಿಗೆ ಹೊಡೆದು ನೋಡಿದಳು. ಕೊನೆಗೆ ಅಗಲದ್ದನ್ನೇ ಆರಿಸಿಕೊಂಡು, ಹತ್ತಿರದಿಂದ ಮಾತ್ರ ಹೊಡೆಯುತ್ತೇನೆ ಎಂದಳು.

ಮರುದಿನ ಮಧ್ಯಾಹ್ನ ಅವಳ ಕಾರಿನ ಸದ್ದು ಕೇಳಿದ್ದೇ ತಡ, ನಾನು ಒಲೆ ಆರಿಸಿ ಓಡಿದೆ. ಅವಳ ಕೈ ಬರಿದಾಗಿತ್ತು. "ಹಕ್ಕಿ ಬಂತು, ಆದರೆ ಹತ್ತಿರ ಬರಲಿಲ್ಲ. ಅದಕ್ಕೇ ಬಾಣ ಬಿಡಲಿಲ್ಲ," ಎಂದಳು.

ಮನೆಗೆ ಬಂದಾಗ ನನ್ನ ಗಂಡ, "ಪಾಪ, ಬದುಕ್ತು ಬಿಡು. ನೀನ್ಯಾಕೆ ಸಪ್ಪಗಿದೀಯಾ?" ಎಂದರು. ಉತ್ತರ ಹೇಳಲು ನಾಚಿಕೆಯಾಯಿತು. ಆ ಅಲಗು ಅವಳು ಹೇಳಿದಂತೆ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ನಾನು ಬೆಳಗಿನಿಂದ ಕಾದಿದ್ದೆ.